ಬಲ್ಬಿನ ಮೂತಿ ಯಾಕೆ ಚೂಪು?

ಪ್ರಶ್ನೆ: ಅಟ್ಟ ಗುಡಿಸುವಾಗ ಅಜ್ಜ ಮುಂಬಯಿಯಿಂದ ತಂದಿದ್ದ ಹಳೇ ಬಲ್ಬೊಂದು ಸಿಕ್ಕಿತು. ಅದರ ತಲೆಯಲ್ಲಿ ನಿಂಬೆಹಣ್ಣಿಗಿರುವಂಥ ಚೂಪು ಮೂತಿ ಇದೆ. ಇದು ಅಂದಕ್ಕೆ ಮಾಡಿದ್ದೇ? ಅರದಿಂದ ಉಜ್ಜಿ ನಯ ಮಾಡಬಹುದೇ?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ಅರ ಕೆಳಗಿಡಿ ಮಾರಾಯರೇ! ಅದು ಅಂದಕ್ಕಲ್ಲ. ಬಲ್ಬಿನ ಒಳಗಿನ ಗಾಳಿ ಹೊರಗೆ ಹೋದ ಬಾಗಿಲು ಅದು.

ಬಲ್ಬಿನೊಳಗೆ ಕಾದು ಬೆಳಗುವ ಎಳೆಗಾಗಿ ಎಡಿಸನ್ ಯಾವ್ಯಾವುದೋ ನೂಲು ಸುಟ್ಟು ನೋಡಿದ ಕಥೆಯನ್ನು ನಾನೂ ಕಾಸರಗೋಡಿನ ಕನ್ನಡ ಶಾಲೆಯಲ್ಲಿ ವರ್ಷಗಟ್ಟಲೆ ಹೇಳಿದವನೇ. ಗಾಜು ಊದಿದವನ ಸುದ್ದಿ ಮಾತ್ರ ಎತ್ತಲಿಲ್ಲ. ತಪ್ಪು ನನ್ನದೇ. ಗಾಳಿ ಇದ್ದರೆ ಕಾದ ನೂಲು ಕ್ಷಣದಲ್ಲಿ ಉರಿದು ಹೋಗುತ್ತದೆ. ಗಾಳಿ ತೆಗೆಯಲು ಪಾದರಸದ ಪಂಪು ಬೇಕು. ಸಪೂರ ಗಾಜಿನ ಕೊಳವೆಯಲ್ಲಿ ಪಾದರಸ ಹನಿಹನಿಯಾಗಿ ಬೀಳುತ್ತದೆ, ಎರಡು ಹನಿಗಳ ನಡುವೆ ಸಿಕ್ಕಿಬಿದ್ದ ಗಾಳಿ ಅದರ ಜೊತೆ ಕೆಳಗಿಳಿಯುತ್ತದೆ. ಗಂಟೆಗಟ್ಟಲೆಯ ಕೆಲಸ. ಆ ಪಂಪೂ ಗಾಜಿನದ್ದೇ, ಊದಿಯೇ ಮಾಡಬೇಕು.

ಅದಕ್ಕಾಗಿ 1879ರಲ್ಲಿ ಎಡಿಸನ್ ಅಮೆರಿಕದ ಮೆನ್ಲೋ ಪಾರ್ಕಿಗೆ ಲುಡ್ವಿಗ್ ಬೋಮ್ ಎಂಬ ಜರ್ಮನ್ ಯುವಕನನ್ನು ಕರೆಸಿಕೊಂಡರು. ಜರ್ಮನಿಯ ಬಾನ್ ಊರಿನಲ್ಲಿ ಗೈಸ್ಲರ್ ಎಂಬ ಗಾಜು ಊದುವವರ ಹತ್ತಿರ ಕಸುಬು ಕಲಿತವನು. ಮೆನ್ಲೋ ಪಾರ್ಕಿನಲ್ಲಿ ಗಾಜಿನ ಕೆಲಸಕ್ಕೆಂದೇ ಒಂದು ಸಣ್ಣ ಮನೆ ಇತ್ತು. ಸಂಜೆಯಾದರೆ ಅವನು ತಂತಿವಾದ್ಯ ನುಡಿಸುತ್ತಿದ್ದನಂತೆ. ಮರುವರ್ಷವೇ ಎಡಿಸನ್‌ರ ಎದುರಾಳಿ ಮ್ಯಾಕ್ಸಿಮ್ ಕಡೆಗೆ ಹೋಗಿಬಿಟ್ಟ. ಒಳ್ಳೆಯ ಕೈಗೆ ಎಲ್ಲ ಕಡೆ ಬೇಡಿಕೆ, ಅಲ್ವಾ?

ಇನ್ನೊಂದು ಕಷ್ಟ, ಗಾಜಿನೊಳಕ್ಕೆ ಕರೆಂಟಿನ ತಂತಿ ತೂರಿಸುವುದು. ಒಮ್ಮೆ ಲ್ಯಾಬಿನಲ್ಲಿ ನಾನು ಕೆಂಪಗೆ ಕಾದ ಗಾಜಿಗೆ ತಾಮ್ರದ ತಂತಿ ಚುಚ್ಚಿದ್ದೆ. ಅಂಟಿಕೊಂಡಿತು, ನನಗೋ ಭಾರಿ ಖುಷಿ. ಆರುವಾಗ ಟಿಕ್ ಎಂದು ಬಿರುಕು! ಬಿಸಿಗೆ ತಾಮ್ರ ಹಿಗ್ಗುವುದು ಗಾಜಿಗಿಂತ ಸುಮಾರು ಎರಡು ಪಟ್ಟು ಜಾಸ್ತಿ, ಆರಿದಾಗ ಕುಗ್ಗುವುದೂ ಅಷ್ಟೇ. ಪ್ಲಾಟಿನಂ ಮಾತ್ರ ಹೆಚ್ಚುಕಡಿಮೆ ಗಾಜಿನಷ್ಟೇ ಹಿಗ್ಗಿ ಕುಗ್ಗುತ್ತದೆ. ಹಾಗಾಗಿ ಆಗಿನ ಬಲ್ಬುಗಳಲ್ಲಿ ಗಾಜು ದಾಟುವಲ್ಲಿ ಅಷ್ಟು ದುಬಾರಿ ತಂತಿ.

ಈಗ ನಿಮ್ಮ ಮೂತಿಗೆ ಬರೋಣ. ಬಲ್ಬಿನ ತಲೆಗೆ ಸಣ್ಣ ನಳಿಗೆ ಅಂಟಿಸಿ ಪಂಪಿಗೆ ಸೇರಿಸುತ್ತಿದ್ದರು. ಗಾಳಿಯೆಲ್ಲ ಹೋದ ಮೇಲೆ ನಳಿಗೆಯ ಬುಡಕ್ಕೆ ಬೆಂಕಿ ಹಿಡಿದರೆ ಗಾಜು ಕರಗಿ ತಾನಾಗಿ ಮುಚ್ಚಿಕೊಳ್ಳುತ್ತದೆ. ಎಳೆದು ಬೇರ್ಪಡಿಸಿದಲ್ಲಿ ಉಳಿಯುವುದೇ ಈ ಚೂಪು. ಆಮೇಲಿನ ಬಲ್ಬುಗಳಲ್ಲೂ ಇದು ಇರುತ್ತದೆ, ಹೋಲ್ಡರಿಗೆ ಸಿಕ್ಕಿಸುವ ಹಿತ್ತಾಳೆ ಟೊಪ್ಪಿಯೊಳಗೆ ಅಡಗಿರುವುದರಿಂದ ಕಾಣುವುದಿಲ್ಲ, ಅಷ್ಟೇ.

ಹತ್ತಿಯಲ್ಲಿ ಸುತ್ತಿ ಬಿಸ್ಕತ್ತಿನ ಡಬ್ಬದಲ್ಲಿಡಿ. ಹೋಲ್ಡರಿಗೆ ಹಾಕಿ ನೋಡುವ ಆಸೆಯೂ ಬೇಡ.