‘ಅವನೀಗ ಎಲ್ಲಿದ್ದಾನೆ?’: ಒಂದು ಆಪ್ತಸಲಹೆ ಪ್ರಕರಣ

ಮನೆಯವರೊಬ್ಬರನ್ನು ಆತ್ಮಹತ್ಯೆಯಲ್ಲಿ ಕಳೆದುಕೊಂಡವರು ‘ಯಾಕೆ ಹೀಗೆ ಮಾಡಿಕೊಂಡ’ ಎಂಬ ಪ್ರಶ್ನೆಯ ಜೊತೆಗೇ ಇನ್ನೊಂದನ್ನು ತರುತ್ತಾರೆ: ‘ಅವನೀಗ ಎಲ್ಲಿದ್ದಾನೆ?’ ಮೊದಲನೆಯದಕ್ಕೆ ನಮ್ಮ ತರಬೇತಿಯಲ್ಲಿ ಜಾಗವಿದೆ. ಎರಡನೆಯದನ್ನು ಎಷ್ಟೋ ಸಹೋದ್ಯೋಗಿಗಳು ‘ಅದು ಧರ್ಮಗುರುಗಳಿಗೆ ಬಿಟ್ಟದ್ದು’ ಎಂದು ಪಕ್ಕಕ್ಕಿಡುತ್ತಾರೆ, ಇಲ್ಲವೇ ‘ಒಳಗಿರುವುದು ಅಪರಾಧಿಪ್ರಜ್ಞೆ’ ಎಂದು ಅವಸರದಲ್ಲಿ ಮಾತು ತಿರುಗಿಸುತ್ತಾರೆ. ನನಗೆ ಎರಡೂ ಒಪ್ಪಿಗೆಯಿಲ್ಲ. ನರಕ ಇದೆ ಎಂದು ನಂಬಿದವರಿಗೆ ತಮ್ಮವರು ಅಲ್ಲಿ ನರಳುತ್ತಿದ್ದಾರೆಂಬ ಭಯ ನಿಜವಾದ ಭಯವೇ. ಯಾರೋ ಹೇಳಿದ ಸುದ್ದಿಯಿಂದ ಅದು ಹುಟ್ಟಿದೆ. ಆ ಸುದ್ದಿ ಅರ್ಧವೋ ಪೂರ್ತಿಯೋ ಎಂದು ನೋಡದೆ ಎಷ್ಟು ಸಮಾಧಾನ ಹೇಳಿದರೂ ಭಯ ಕದಲುವುದಿಲ್ಲ.

ಈ ಪ್ರಕರಣದ ಮಹಿಳೆಯ ವಿವರಗಳನ್ನು ಬದಲಿಸಿದ್ದೇನೆ; ಧರ್ಮ ಯಾವುದೆಂದು ಹೇಳುವುದಿಲ್ಲ. ತೀರಿಕೊಂಡವನು ಅವರ ತಮ್ಮ, ವರ್ಷಗಳಿಂದ ಖಿನ್ನತೆಗೆ ಚಿಕಿತ್ಸೆಯಲ್ಲಿದ್ದವನು. ಸಾವಿನ ಮನೆಗೆ ಬಂದ ಬಂಧುವೊಬ್ಬರು ‘ಇಂಥ ಸಾವಿಗೆ ಬಿಡುಗಡೆ ಇಲ್ಲ’ ಎಂದು ಹೇಳಿ ಹೋದರು. ಆಮೇಲೆ ಈಕೆಗೆ ರಾತ್ರಿಯೆಲ್ಲ ಓದುವುದೇ ಕೆಲಸವಾಯಿತು. ಮೊದಲು ತಮ್ಮ ಧರ್ಮದ್ದು, ಆಮೇಲೆ ಬೇರೆಯವು, ಎಲ್ಲಾದರೂ ಒಂದು ಒಳ್ಳೆಯ ಮಾತು ಸಿಕ್ಕೀತು ಎಂಬ ಆಸೆಯಿಂದ. ಒಂದು ನೋಟ್‌ಬುಕ್ ತಂದಿದ್ದರು: ಎಡಕ್ಕೆ ಧರ್ಮ, ಬಲಕ್ಕೆ ಶಿಕ್ಷೆ.

ಅದನ್ನು ತೆರೆಯುವ ಮೊದಲು ಕೇಳಲೇಬೇಕಾದ ಪ್ರಶ್ನೆಯೊಂದಿದೆ, ಸುತ್ತುಬಳಸಿಲ್ಲದೆ: ‘ಅವನಿರುವಲ್ಲಿಗೆ ನೀವೂ ಹೋಗಬೇಕು, ಸಾಯಬೇಕು ಅನಿಸುತ್ತಿದೆಯೇ?’ ಇಂಥ ಸಾವಿನ ನಂತರ ಉಳಿದವರಲ್ಲೂ ಆತ್ಮಹತ್ಯೆಯ ಅಪಾಯ ಹೆಚ್ಚು. ನೇರವಾಗಿ ಕೇಳಿದರೆ ಆ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂಬುದು ತಪ್ಪು ಕಲ್ಪನೆ. ಹೌದು ಎಂದರೆ, ಅದರಲ್ಲೂ ಹೇಗೆ, ಯಾವಾಗ ಎಂಬ ಯೋಜನೆ ಇದ್ದರೆ, ಪರಲೋಕದ ಚರ್ಚೆ ಅಂದಿಗೆ ಬಂದ್. ಅವರನ್ನು ಒಂಟಿಯಾಗಿ ಬಿಡದೆ ಅದೇ ದಿನ ಮನೋವೈದ್ಯರಿಗೆ ತೋರಿಸಬೇಕು. ಈಕೆ ಇಲ್ಲ ಎಂದರು. ಪ್ರತಿ ಭೇಟಿಯಲ್ಲೂ ಮೊದಲ ಪ್ರಶ್ನೆ ಅದೇ ಆಗಿತ್ತು.

ನೋಟ್‌ಬುಕ್ಕಿನಲ್ಲಿ ಯೆಹೂದಿ ಧರ್ಮದ ಎದುರು ‘ಗೆಹಿನ್ನೋಮ್, 12 ತಿಂಗಳು’ ಎಂದಿತ್ತು. ಗೆಹಿನ್ನೋಮ್ ಎಂದರೆ ಅವರ ನರಕ. ದುಷ್ಟರಿಗೆ ಅಲ್ಲಿ ವಿಚಾರಣೆ 12 ತಿಂಗಳು ಎಂದು ಅವರ ಪ್ರಾಚೀನ ಧರ್ಮಶಾಸ್ತ್ರ ಗ್ರಂಥವಾದ ಮಿಶ್ನಾ ಹೇಳುತ್ತದೆ, ಸರಿಯೇ. ತಂದೆ ತಾಯಿ ಸತ್ತಾಗ ಮಕ್ಕಳು ಕದ್ದಿಶ್ ಎಂಬ ಪ್ರಾರ್ಥನೆ ಹೇಳುವುದನ್ನು ಓದಿದ್ದೀರಾ ಎಂದು ಕೇಳಿದೆ. ಓದಿದ್ದರು, ಬರೆದುಕೊಂಡಿರಲಿಲ್ಲ.

‘ಅದು 11 ತಿಂಗಳು ತಾನೇ? ಇನ್ನೊಂದು ತಿಂಗಳು ಯಾಕೆ ಬಿಟ್ಟರು?’

ಪೂರ್ತಿ 12 ತಿಂಗಳು ಹೇಳಿದರೆ ‘ನಮ್ಮಪ್ಪ ಪೂರ್ತಿ ಅವಧಿ ಕಳೆಯಬೇಕಾದಷ್ಟು ಕೆಟ್ಟವನು’ ಎಂದು ಮಗನೇ ಒಪ್ಪಿಕೊಂಡಂತೆ. ಅದಕ್ಕೇ ಒಂದು ತಿಂಗಳು ಮೊದಲು ನಿಲ್ಲಿಸುತ್ತಾರೆ ಎಂದೆ.

ಅವರು ಸ್ವಲ್ಪ ಹೊತ್ತು ಪುಟ ತಿರುವುತ್ತ ಕುಳಿತರು. ‘ಹಾಗಾದರೆ ಮಗ ಅಪ್ಪನ ಪರ ನಿಂತ ಹಾಗಾಯಿತು. ನಾನು ನೋಡಿ, ಇಷ್ಟು ದಿನವೂ ತಮ್ಮನ ವಿರುದ್ಧ ಸಾಕ್ಷಿ ಕೂಡಿಸಿದ್ದೇ ಕೂಡಿಸಿದ್ದು.’

ಆ ಮಾತಿನ ಮೇಲೆಯೇ ಮುಂದಿನ ಕೆಲಸವೆಲ್ಲ ನಿಂತಿತು. ಅದೇ ನೋಟ್‌ಬುಕ್ಕಿನಲ್ಲಿ ಇನ್ನೂ ಮೂರು ಕಾಲಂ ಎಳೆಯಲು ಹೇಳಿದೆ: ಯಾರಿಗೆ ವಿನಾಯಿತಿ, ಎಷ್ಟು ಕಾಲ, ಬದುಕಿರುವವರ ಪಾಲಿನ ಕೆಲಸ. ಪ್ರತಿಯೊಂದು ಶಿಕ್ಷೆಯ ಸಾಲಿನ ಎದುರು ಮೂಲಗ್ರಂಥದ ಹೆಸರು ಇರಬೇಕು. ಸಿಗದಿದ್ದರೆ ಆ ಸಾಲು ಹೊಡೆದುಹಾಕಬೇಕು. ಓದು ಹಗಲಿನಲ್ಲಿ ಮಾತ್ರ, ಒಂದು ಸಲಕ್ಕೆ ಅರ್ಧ ಗಂಟೆ. ನಿದ್ದೆಗೆಟ್ಟ ತಲೆಗೆ ಪುಟದಲ್ಲಿ ಕಾಣುವುದೆಲ್ಲ ಶಿಕ್ಷೆಯೇ.

ಕಾಲಂಗಳು ತುಂಬತೊಡಗಿದಾಗ ಚಿತ್ರ ಬದಲಾಯಿತು. ಕ್ಯಾಥೊಲಿಕ್ ಚರ್ಚಿನ 1917ರ ಕಾನೂನುಸಂಹಿತೆ ಬುದ್ಧಿಪೂರ್ವಕವಾಗಿ ಪ್ರಾಣ ಕಳೆದುಕೊಂಡವರಿಗೆ ಚರ್ಚಿನ ಶವಸಂಸ್ಕಾರ ನಿರಾಕರಿಸಿತ್ತು. 1983ರ ಸಂಹಿತೆಯಲ್ಲಿ ಆ ನಿಷೇಧ ಇಲ್ಲ. 1992ರ ಧರ್ಮೋಪದೇಶ ಗ್ರಂಥ ಆತ್ಮಹತ್ಯೆಯನ್ನು ಘೋರ ತಪ್ಪೆಂದೇ ಹೇಳುತ್ತದೆ. ಆದರೆ 2282ನೇ ಪರಿಚ್ಛೇದದಲ್ಲಿ ತೀವ್ರ ಮಾನಸಿಕ ತೊಂದರೆಯಿಂದ ಹೊಣೆ ತಗ್ಗಬಹುದು ಎನ್ನುತ್ತದೆ, 2283ರಲ್ಲಿ ಅವರ ರಕ್ಷಣೆಯ ಬಗ್ಗೆ ನಿರಾಶರಾಗಬಾರದು, ಚರ್ಚ್ ಅವರಿಗಾಗಿ ಪ್ರಾರ್ಥಿಸುತ್ತದೆ ಎನ್ನುತ್ತದೆ. ಇಸ್ಲಾಮಿನಲ್ಲಿ ಕಠಿಣ ಶಿಕ್ಷೆ ಹೇಳುವ ಹದೀಸ್‌ಗಳನ್ನೇ, ಎಂದರೆ ಪ್ರವಾದಿಯವರ ನಡೆನುಡಿಯ ವರದಿಗಳನ್ನೇ, ಎಲ್ಲರೂ ಉದ್ಧರಿಸುತ್ತಾರೆ. ಸಹೀಹ್ ಮುಸ್ಲಿಮ್ ಎಂಬ ಹದೀಸ್ ಸಂಗ್ರಹದಲ್ಲಿ ಇನ್ನೊಂದಿದೆ: ಪ್ರವಾದಿಯವರ ಸಂಗಡಿಗ ತುಫೈಲ್ ಇಬ್ನ್ ಅಮ್ರ್ ಅವರ ಜೊತೆ ಮದೀನಕ್ಕೆ ವಲಸೆ ಬಂದವನೊಬ್ಬ ಕಾಯಿಲೆಯ ಸಂಕಟ ತಾಳದೆ ತನ್ನ ಕೈಗೆ ತಾನೇ ಗಾಯ ಮಾಡಿಕೊಂಡು ಸತ್ತಾಗ, ಅವನ ಕೈಗಳನ್ನೂ ಕ್ಷಮಿಸು ಎಂದು ಪ್ರವಾದಿಯವರು ದೇವರನ್ನು ಬೇಡಿದರು. ಬುದ್ಧಿ ಸ್ಥಿಮಿತದಲ್ಲಿಲ್ಲದವನ ಲೆಕ್ಕ ಬರೆಯುವುದಿಲ್ಲ ಎಂಬ ಹದೀಸ್ ಕೂಡ ಇದೆ.

ಈಶಾವಾಸ್ಯ ಉಪನಿಷತ್ತಿನ 3ನೇ ಮಂತ್ರದಲ್ಲಿ ‘ಆತ್ಮವನ್ನು ಕೊಂದವರು’ ಸೇರುವ ಕತ್ತಲ ಲೋಕಗಳನ್ನು ಇಂಥ ಸಾವಿಗೆ ಅಂಟಿಸುವವರು ಬಹಳ. ಶಂಕರರ ಭಾಷ್ಯದಲ್ಲಿ ಅದು ಆತ್ಮವನ್ನು ಅರಿಯದ ಅಜ್ಞಾನಿಗಳನ್ನು ಕುರಿತ ಮಾತು. ಗರುಡಪುರಾಣ ಹೆದರಿಸುತ್ತದೆ, ನಿಜ. ದುರ್ಮರಣಕ್ಕೆ ನಾರಾಯಣಬಲಿಯನ್ನು ವಿಧಿಸುವುದೂ ಅದೇ ಪುರಾಣ. ಟಿಬೆಟಿನ ಬೌದ್ಧರಲ್ಲಿ ಮರುಹುಟ್ಟಿನವರೆಗಿನ ಅವಧಿ ಹೆಚ್ಚೆಂದರೆ 49 ದಿನ. ಆ ದಿನಗಳಲ್ಲಿ ಉಳಿದವರ ಪ್ರಾರ್ಥನೆ ಸತ್ತವರಿಗೆ ನೆರವಾಗುತ್ತದೆಂಬ ನಂಬಿಕೆ. ಪಾರ್ಸಿಗಳ ಜರತುಷ್ಟ್ರ ಧರ್ಮದಲ್ಲಿ ಆತ್ಮ ನಾಲ್ಕನೆಯ ಬೆಳಗಿಗೆ ತೀರ್ಪು ನಡೆಯುವ ಚಿನ್ವತ್ ಸೇತುವೆ ತಲುಪುತ್ತದೆ. ಅಲ್ಲಿಂದ ನರಕಕ್ಕೆ ಬಿದ್ದರೂ ಲೋಕವೆಲ್ಲ ಹೊಸದಾಗುವ ದಿನ ಆ ನರಕವೇ ಬರಿದಾಗುತ್ತದೆ.

ಎಲ್ಲ ಕಡೆ ಹೀಗೇ ಎಂದು ನಾನು ಹೇಳಲಿಲ್ಲ. ಹೇಳಿದ್ದರೆ ಸುಳ್ಳಾಗುತ್ತಿತ್ತು. ಜೈನ ಸಿದ್ಧಾಂತದಲ್ಲಿ ಜೀವ ಕೆಲವೇ ಸಮಯಗಳಲ್ಲಿ, ಎಂದರೆ ಕಾಲದ ಅತಿ ಚಿಕ್ಕ ತುಣುಕುಗಳಲ್ಲಿ, ಮುಂದಿನ ಜನ್ಮ ಸೇರಿಬಿಡುತ್ತದೆ. ಉಳಿದವರು ಕಳಿಸಿಕೊಡಬಹುದಾದ್ದು ಏನೂ ಇಲ್ಲ. ಬಹುಪಾಲು ಪ್ರಾಟೆಸ್ಟೆಂಟರೂ ಸತ್ತವರಿಗಾಗಿ ಪ್ರಾರ್ಥಿಸುವುದಿಲ್ಲ. ಆದರೆ ಸಾವೂ ದೇವರ ಪ್ರೀತಿಯಿಂದ ನಮ್ಮನ್ನು ಅಗಲಿಸಲಾರದು ಎಂಬ, ಬೈಬಲಿನಲ್ಲಿ ರೋಮಾಪುರದವರಿಗೆ ಬರೆದ ಪತ್ರದ 8ನೇ ಅಧ್ಯಾಯದ ಮಾತನ್ನು ಹಿಡಿಯುತ್ತಾರೆ. ಇಂಥ ಕಡೆ ಸಮಾಧಾನದ ಬಗೆಯೇ ಬೇರೆ: ಅಕ್ಕನಾಗಿ ನೀವು ಮಾಡಬೇಕಾಗಿದ್ದು ಏನೋ ಬಾಕಿ ಉಳಿದಿದೆ ಎಂಬ ಕೊರಗಿಗೆ ಎಡೆಯಿಲ್ಲ.

ಇಷ್ಟು ಮೆತ್ತಗೆ ಮಾತಾಡಿದರೆ ಸಾಯಲು ಹೊರಟವರಿಗೆ ಪರವಾನಗಿ ಕೊಟ್ಟಂತಲ್ಲವೇ ಎಂಬ ಆಕ್ಷೇಪ ನನಗೆ ಹೊಸತಲ್ಲ. ಧರ್ಮದ ಭಯವೇ ಕೆಲವರನ್ನು ತಡೆದು ನಿಲ್ಲಿಸುತ್ತದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆ ಗ್ರಂಥಗಳಲ್ಲಿ ನಿಷೇಧ ಇರುವುದು ಬದುಕಿರುವವರಿಗೆ, ಕರುಣೆ ಇರುವುದು ಸತ್ತವರಿಗೆ. ಬಾಗಿಲಲ್ಲಿ ಹೇಳಬೇಕಾದ ‘ಹೋಗಬೇಡ’ವನ್ನು ಹೆಣದ ಮುಂದೆ ಹೇಳಿದರೆ ಅದು ಯಾರನ್ನೂ ತಡೆಯುವುದಿಲ್ಲ; ಉಳಿದವರ ಎದೆಗೆ ಹೋಗಿ ನಾಟುತ್ತದೆ. ಅದಕ್ಕೇ ನನ್ನ ಕೋಣೆಯಲ್ಲಿ ಜೀವದ ಪ್ರಶ್ನೆ ಮೊದಲು, ನೋಟ್‌ಬುಕ್ಕು ಆಮೇಲೆ.

ಕೊನೆಯ ಸಲಹೆ ಅವರದೇ ಧರ್ಮದ ತಿಳಿದವರನ್ನು ಕಾಣುವುದು. ಒಬ್ಬರನ್ನು ಮಾತ್ರ, ಮೂವರನ್ನು ಕೇಳಿದರೆ ಮೂರು ಉತ್ತರ ಬಂದು ಅವುಗಳಲ್ಲಿ ಅತಿ ಕಠಿಣವಾದದ್ದು ತಲೆಯಲ್ಲಿ ಉಳಿಯುತ್ತದೆ. ಇಂಥ ಸಾವಾದ ಮನೆಯವರ ಜೊತೆ ಅವರು ಮೊದಲು ಮಾತಾಡಿದ್ದಾರೆಯೇ ಎಂದು ಫೋನಿನಲ್ಲೇ ವಿಚಾರಿಸಬೇಕು. ‘ಅವನೆಲ್ಲಿದ್ದಾನೆ’ ಎಂದು ಕೇಳುವುದು ಬೇಡ. ಕೇಳಬೇಕಾದ್ದು ಇಷ್ಟು: ಕಾಯಿಲೆಯಲ್ಲಿದ್ದವನ ಕೃತ್ಯವನ್ನು ನಮ್ಮ ಧರ್ಮ ಬೇರೆಯಾಗಿ ನೋಡುತ್ತದೆಯೇ? ಇಂಥ ಸಾವಿಗೆ ನಾವು ಮಾಡಬೇಕಾದ್ದೇನು? ಅದು ಮುಗಿಯುವುದು ಯಾವಾಗ? ಮೂರನೆಯದನ್ನು ಮರೆಯಬಾರದು. ಕೊನೆಯ ದಿನ ಗೊತ್ತಿಲ್ಲದ ವಿಧಿ ತೀರದ ಸಾಲವಾಗುತ್ತದೆ. ಲೋಪವಾಗಿದೆ, ಮತ್ತೆ ಮಾಡಿಸಿ ಎಂದು ಯಾರಾದರೂ ಅಂದರೆ ಹಣ ಕೊಡುವ ಮೊದಲು ಇಲ್ಲಿಗೆ ಬನ್ನಿ ಎಂದೂ ಹೇಳಿದ್ದೆ. ಬಂಧುಗಳಿಗೆ ಕೊಡಲು ಒಂದೇ ಉತ್ತರ ಸಿದ್ಧ ಮಾಡಿಕೊಂಡೆವು: ‘ತಿಳಿದವರನ್ನು ಕೇಳಿದ್ದೇವೆ, ಹೇಳಿದ್ದನ್ನು ಮಾಡುತ್ತಿದ್ದೇವೆ.’

ಅವರು ಕಂಡ ಹಿರಿಯರು ಮೊದಲೆರಡು ಪ್ರಶ್ನೆಗೆ ಗ್ರಂಥ ತೆರೆದು ತೋರಿಸಿದರಂತೆ. ಮೂರನೆಯದಕ್ಕೆ ದಿನ ಹೇಳಿ, ‘ಅದಾದ ಮೇಲೆ ನೆನಪಾದರೆ ಪ್ರಾರ್ಥಿಸಬೇಡಿ ಅನ್ನುವವನು ನಾನಲ್ಲ’ ಎಂದರಂತೆ. ರಾತ್ರಿಯ ಓದು ನಿಂತಿತು. ತಾವೆತ್ತದೆ ಬಿಟ್ಟ ತಮ್ಮನ ಒಂದು ಫೋನ್ ಕರೆಯ ವಿಷಯವನ್ನು ಈಕೆ ಬಾಯಿಬಿಟ್ಟು ಹೇಳಿದ್ದು ಅದರ ನಂತರದ ಭೇಟಿಯಲ್ಲಿ. ಈಗ ನಡೆಯುತ್ತಿರುವುದು ಅದರ ಮಾತು.