ರ‍್ಯಾಕ್‌ಎಫ್ ಅನ್ನು ಐಪಿಎಲ್ ಮಾಡದೆ, ಅಂದರೆ ಇಡೀ ಸಿಸ್ಟಮನ್ನು ಹೊಸದಾಗಿ ಬೂಟ್ ಮಾಡದೆ, ರೀಸ್ಟಾರ್ಟ್ ಮಾಡಬಹುದೇ?

ನಿಮ್ಮ ಪ್ರಶ್ನೆ ಇಷ್ಟು ಅಲ್ವಾ: ಕಾರವಾರದ ಮನೆಯಿಂದ ಐಬಿಎಂ ಮೇನ್‌ಫ್ರೇಮ್‌ನ ಆಪರೇಟಿಂಗ್ ಸಿಸ್ಟಮ್ ಆದ ಝಡ್‌ಓಎಸ್ ನೋಡಿಕೊಳ್ಳುತ್ತೀರಿ, ಪಾಸ್‌ವರ್ಡ್ ಬದಲಾವಣೆಗಳು ಎರಡನೇ ಸಿಸ್ಟಮ್‌ಗೆ ಹೋಗುತ್ತಿಲ್ಲ, ಝಡ್‌ಓಎಸ್‌ನ ಭದ್ರತಾ ಸಾಫ್ಟ್‌ವೇರ್ ಆದ ರ‍್ಯಾಕ್‌ಎಫ್ ನಿಲ್ಲಿಸಿದರೆ ಆ ಹೊತ್ತಿನಲ್ಲಿ ಯಾರು ಬೇಕಾದರೂ ಒಳಗೆ ಬರಬಹುದಾ ಎಂಬ ಭಯ.

ಬರಲಾಗುವುದಿಲ್ಲ. ರ‍್ಯಾಕ್‌ಎಫ್ ಹೆಸರಿನಲ್ಲಿ ಓಡುವ ಅಡ್ರೆಸ್ ಸ್ಪೇಸ್ (ತನ್ನದೇ ಮೆಮೊರಿಯಲ್ಲಿ ಓಡುವ ಕೆಲಸ) ಬೇರೆ, ಯಾರಿಗೆ ಏನು ಮುಟ್ಟಲು ಬಿಡಬೇಕೆಂದು ತೀರ್ಮಾನಿಸುವ ರ‍್ಯಾಕ್‌ಎಫ್ ಬೇರೆ. ಎರಡನೆಯದು ಐಪಿಎಲ್ ಹೊತ್ತಿಗೇ ಎದ್ದಿರುತ್ತದೆ. ಅಡ್ರೆಸ್ ಸ್ಪೇಸ್ ನಿಂತರೂ ಲಾಗಾನ್, ಡೇಟಾಸೆಟ್ (ಫೈಲ್) ಪರಿಶೀಲನೆ ನಡೆಯುತ್ತಲೇ ಇರುತ್ತವೆ. ನಿಲ್ಲುವುದು ಬದಲಾವಣೆಗಳನ್ನು ಬೇರೆ ಸಿಸ್ಟಮ್‌ಗಳಿಗೆ ಕಳಿಸುವ ಆರ್‌ಆರ್‌ಎಸ್‌ಎಫ್, ಕನ್ಸೋಲ್‌ನಿಂದ ಕೊಡುವ ರ‍್ಯಾಕ್‌ಎಫ್ ಕಮಾಂಡ್‌ಗಳು, ಮತ್ತೆ ಆರ್-ಅಡ್ಮಿನ್ ಎಂಬ ಸರ್ವೀಸ್ ಮೂಲಕ ಕಮಾಂಡ್ ಕೊಡುವ ಪ್ರೋಗ್ರಾಮ್‌ಗಳು. ಎಲ್‌ಡಿಎಪಿ (ಬಳಕೆದಾರರ ಡೈರೆಕ್ಟರಿ) ಮೇಲೆ ಪಾಸ್‌ವರ್ಡ್ ರೀಸೆಟ್ ಪೋರ್ಟಲ್ ಇದ್ದರೆ ಅದೂ ನಿಲ್ಲಬಹುದು, ಹೆಲ್ಪ್‌ಡೆಸ್ಕ್‌ಗೆ ಮೊದಲೇ ಹೇಳಿಡಿ.

ಆದರೆ ನಿಲ್ಲಿಸಲೇಬೇಕಾ ಅಂತ ನೋಡಿ. ಮೊದಲು ಟಾರ್ಗೆಟ್ ಲಿಸ್ಟ್ ಕಮಾಂಡ್ ಕೊಡಿ, ಆರ್‌ಆರ್‌ಎಸ್‌ಎಫ್ ಸಂಪರ್ಕಗಳ ಸ್ಥಿತಿಯನ್ನು ಅದು ತೋರಿಸುತ್ತದೆ. ಆ ಎರಡನೇ ಸಿಸ್ಟಮ್‌ನ ನೋಡ್ ಡಾರ್ಮೆಂಟ್ (ಸಂಪರ್ಕ ನಿಂತಿದೆ) ಎಂದು ತೋರಿಸಿದರೆ ಆಪರೇಟಿವ್ ಮಾಡಿ ನೋಡಿ. ಆ ಸಂಪರ್ಕ ನಡೆಸುವ ಸಬ್‌ಟಾಸ್ಕ್ ಸಿಕ್ಕಿಕೊಂಡಿದ್ದರೆ ರೀಸ್ಟಾರ್ಟ್ ಕಮಾಂಡ್‌ನಲ್ಲಿ ಕನೆಕ್ಷನ್ ಎಂದು ಹೇಳಿ ಆ ಒಂದು ನೋಡ್ ಹೆಸರು ಕೊಟ್ಟರೆ ಸಾಕು. ನನ್ನ ಅನುಭವದಲ್ಲಿ ಹೆಚ್ಚಿನ ತೊಂದರೆ ಇಲ್ಲಿಗೇ ಮುಗಿಯುತ್ತದೆ. ಜನ ಸುಮ್ನೆ ಪೂರ್ತಿ ನಿಲ್ಲಿಸಲು ಹೋಗುತ್ತಾರೆ.

ಅದಕ್ಕೂ ಬಗ್ಗದಿದ್ದರೆ ಮಾತ್ರ ರ‍್ಯಾಕ್‌ಎಫ್‌ನ ಪ್ರಿಫಿಕ್ಸ್ (ಕಮಾಂಡ್ ಮುಂದೆ ಹಾಕುವ ಗುರುತು) ಹಾಕಿ ಸ್ಟಾಪ್ ಕೊಡಿ, ಆಮೇಲೆ ಸ್ಟಾರ್ಟ್ ಕೊಡಿ. ಸ್ಟಾರ್ಟ್ ಜೊತೆ ಸಬ್ ಈಕ್ವಲ್ ಟು ಮಾಸ್ಟರ್ (SUB=MSTR) ಇರಲಿ. ನಿಲ್ಲಿಸುವ ಮೊದಲು ಐಆರ್‌ಆರ್‌ಆಪ್ಟ್ ಮೆಂಬರ್ (ಎದ್ದಾಗ ಓದಿಕೊಳ್ಳುವ ಸೆಟ್ಟಿಂಗ್ ಫೈಲ್) ತೆರೆದು ಓದಿ. ಯಾರೋ ಎಂದೋ ಕೈಯಿಂದ ಕೊಟ್ಟ ಟಾರ್ಗೆಟ್ ಕಮಾಂಡ್ ಅದರಲ್ಲಿ ಬರೆದಿರದಿದ್ದರೆ, ಮತ್ತೆ ಎದ್ದಾಗ ಆ ಸೆಟ್ಟಿಂಗ್ ಇರುವುದೇ ಇಲ್ಲ. ಇನ್‌ಮೆಸೇಜ್, ಔಟ್‌ಮೆಸೇಜ್ ಫೈಲ್‌ಗಳನ್ನು ಅಳಿಸಬೇಡಿ. ಹೋಗದೆ ಉಳಿದ ಪಾಸ್‌ವರ್ಡ್ ಬದಲಾವಣೆಗಳು ಕಾಯುತ್ತಿರುವುದು ಅಲ್ಲೇ.

ಆರ್‌ವ್ಯಾರಿ ಇನಾಕ್ಟಿವ್ ಕಮಾಂಡ್ ಬೇರೆಯೇ ಕಥೆ. ಅದು ರ‍್ಯಾಕ್‌ಎಫ್ ಡೇಟಾಬೇಸನ್ನೇ ಕಳಚುತ್ತದೆ. ಸಿಸ್ಟಮ್ ಫೇಲ್‌ಸಾಫ್ಟ್‌ಗೆ ಇಳಿದು, ಡೇಟಾಸೆಟ್ ತೆರೆಯಲು ಬಿಡಬೇಕಾ ಅಂತ ಆಪರೇಟರನ್ನು ಕೇಳತೊಡಗುತ್ತದೆ. ಟಿಎಸ್‌ಓ (ಟರ್ಮಿನಲ್‌ನಲ್ಲಿ ಕೆಲಸ ಮಾಡುವ ವ್ಯವಸ್ಥೆ) ಲಾಗಾನ್‌ಗೆ ಆಗ ಯುಎಡಿಎಸ್ ಎಂಬ ಅದರದೇ ಬಳಕೆದಾರರ ಪಟ್ಟಿಯಲ್ಲಿರುವ ಐಡಿಗಳೇ ಗತಿ. ಸಿಸ್‌ಪ್ಲೆಕ್ಸ್ (ಒಟ್ಟಿಗೆ ಜೋಡಿಸಿದ ಸಿಸ್ಟಮ್‌ಗಳ ಗುಂಪು) ಕಮ್ಯುನಿಕೇಷನ್ ಹಾಕಿದ್ದರೆ ಒಂದು ಕಡೆ ಕೊಟ್ಟ ಕಮಾಂಡ್ ಎಲ್ಲ ಸಿಸ್ಟಮ್‌ಗಳಿಗೂ ಹರಡುತ್ತದೆ. ನಿಮ್ಮ ತೊಂದರೆಗೆ ಇದರ ಅಗತ್ಯವೇ ಇಲ್ಲ.

ಪ್ರೊಫೈಲ್ (ಅನುಮತಿಯ ನಿಯಮ) ಬದಲಿಸಿದ್ದು ಕಾಣುತ್ತಿಲ್ಲ ಅನ್ನುವವರಿಗೂ ರೀಸ್ಟಾರ್ಟ್ ಬೇಡ. ರ‍್ಯಾಕ್‌ಲಿಸ್ಟ್ ಮಾಡಿದ, ಅಂದರೆ ಮೆಮೊರಿಗೆ ತಂದಿಟ್ಟ ಕ್ಲಾಸ್ ಆದರೆ ಸೆಟ್‌ರಾಪ್ಟ್ಸ್ ರಿಫ್ರೆಶ್ ಕಮಾಂಡ್ ಸಾಕು.

ಇನ್ನು ನಮ್ಮ ಕಡೆಯ ಮಾತು. ನಾನು ಘಟ್ಟದ ಮೇಲೆ ಶಿರಸಿಯಲ್ಲಿದ್ದೇನೆ, ನೀವು ಘಟ್ಟದ ಕೆಳಗೆ. ಮಳೆಗಾಲದಲ್ಲಿ ಇಬ್ಬರಿಗೂ ಕರೆಂಟಿನ ಭರವಸೆ ಇಲ್ಲ. ಸ್ಟಾಪ್ ಕೊಟ್ಟ ಮೇಲೆ ವಿಪಿಎನ್ ಬಿದ್ದರೆ ಸ್ಟಾರ್ಟ್ ಯಾರು ಕೊಡುತ್ತಾರೆ? ಹಾಗಾಗಿ ಡೇಟಾ ಸೆಂಟರ್‌ನ ಆಪರೇಟರ್ ಕನ್ಸೋಲ್ ಮುಂದೆ ಕೂತು ಫೋನ್‌ನಲ್ಲಿರಲಿ. ಸ್ಟಾರ್ಟ್ ಕಮಾಂಡನ್ನು ಅಕ್ಷರ ಅಕ್ಷರವಾಗಿ ಅವರಿಗೆ ಮೊದಲೇ ಕಳಿಸಿಡಿ. ಎದ್ದ ಮೇಲೆ ಟಾರ್ಗೆಟ್ ಲಿಸ್ಟ್ ಮತ್ತೆ ನೋಡಿ, ಒಂದು ಟೆಸ್ಟ್ ಐಡಿಯ ಪಾಸ್‌ವರ್ಡ್ ಬದಲಿಸಿ, ಆ ಕಡೆ ಅದೇ ಪಾಸ್‌ವರ್ಡ್‌ನಲ್ಲಿ ಲಾಗಾನ್ ಆಗಿ ನೋಡಿ.

ಅಂದ ಹಾಗೆ ಇದೆಲ್ಲ ರ‍್ಯಾಕ್‌ಎಫ್‌ಗೆ ಮಾತ್ರ. ಅದರ ಬದಲು ಟಾಪ್ ಸೀಕ್ರೆಟ್ ಎಂಬ ಭದ್ರತಾ ಸಾಫ್ಟ್‌ವೇರ್ ಇದ್ದರೆ ಅಡ್ರೆಸ್ ಸ್ಪೇಸ್ ನಿಂತಾಗ ಏನಾಗಬೇಕೆಂದು ಅದರ ಡೌನ್ ಆಪ್ಷನ್ ಹೇಳುತ್ತದೆ. ಅದನ್ನು ನೋಡದೆ ಕೈ ಹಾಕಬೇಡಿ.