ಜಾಮೀನು ಸಿಕ್ಕಿತು, ಬಾಗಿಲು ತೆರೆಯಲಿಲ್ಲ

ಪ್ರಶ್ನೆ: ಮೇಡಂ, ನಾನು ಸಮಾಜಶಾಸ್ತ್ರದ ಉಪನ್ಯಾಸಕಿ. ಈ ಸೆಮಿಸ್ಟರ್‌ನಿಂದ 'ಅಸಮಾನತೆ ಮತ್ತು ಅಪರಾಧ ನ್ಯಾಯ ವ್ಯವಸ್ಥೆ' ಎಂಬ ಹೊಸ ಪೇಪರ್ ನನ್ನ ಪಾಲಿಗೆ ಬಂದಿದೆ. ನಾನು ಕಾನೂನು ಓದಿದವಳಲ್ಲ. ಮೊದಲ ಎರಡು ವಾರ ಸಿದ್ಧಾಂತ ಹೇಳಿದೆ. ಹಿಂದಿನ ಬೆಂಚಿನವರು ಆಕಳಿಸಿದರು. ಪೊಲೀಸರ ಮಗಳೊಬ್ಬಳು "ನೀವು ಬರೀ ಪೊಲೀಸರನ್ನೇ ಬೈತೀರಾ" ಎಂದು ಜಗಳಕ್ಕೇ ನಿಂತಳು. ಎಲ್ಲಿಂದ ಶುರು ಮಾಡಲಿ?

ಉತ್ತರ: ಸಿದ್ಧಾಂತವನ್ನು ಸದ್ಯ ಪಕ್ಕಕ್ಕಿಡಿ. ಒಂದು ಕೇಸು ಹಿಡಿದುಕೊಂಡು ಹೋಗಿ. ಒಂದೇ ಸಾಕು.

ನಾನು ಕಾನೂನು ಕಾಲೇಜಿನಲ್ಲಿ 27 ವರ್ಷ ಪಾಠ ಮಾಡಿದೆ. ಮೊದಲ ವರ್ಷ ನಾನೂ ನಿಮ್ಮ ಹಾಗೇ ಬೋರ್ಡಿನ ತುಂಬ ವ್ಯಾಖ್ಯಾನ ಬರೆದವಳು. ಆಮೇಲೆ ಪ್ರತಿ ವರ್ಷ ಮೊದಲ ದಿನ ಹೇಳುತ್ತಿದ್ದದ್ದು ಮೋತಿರಾಮ್ ಕೇಸು. 1978ರಲ್ಲಿ ಸುಪ್ರೀಂ ಕೋರ್ಟಿಗೆ ಬಂದದ್ದು. ಮಧ್ಯಪ್ರದೇಶದ ಒಬ್ಬ ಬಡ ಗಾರೆ ಕೆಲಸದವನಿಗೆ ಸುಪ್ರೀಂ ಕೋರ್ಟೇ ಜಾಮೀನು ಕೊಟ್ಟಿತ್ತು. ಆದರೆ ಕೆಳಗಿನ ಮ್ಯಾಜಿಸ್ಟ್ರೇಟರು 10,000 ರೂಪಾಯಿಗೆ ಶ್ಯೂರಿಟಿ ಕೇಳಿದರು, ಅಂದರೆ ಅವನು ಕೋರ್ಟಿಗೆ ಬರುತ್ತಾನೆಂದು ಹೊಣೆ ಹೊರುವ ಇನ್ನೊಬ್ಬರನ್ನು. ಅಣ್ಣನೋ ತಮ್ಮನೋ, ಒಡಹುಟ್ಟಿದವನೇ ಶ್ಯೂರಿಟಿಗೆ ನಿಲ್ಲುತ್ತೇನೆಂದರೆ ಅದನ್ನೂ ಒಪ್ಪಲಿಲ್ಲ. ಯಾಕೆ? ಅವನ ಆಸ್ತಿ ಬೇರೆ ಜಿಲ್ಲೆಯಲ್ಲಿತ್ತು! ದೇಶದ ಅತಿ ದೊಡ್ಡ ಕೋರ್ಟು ಬಿಡಿ ಎಂದರೂ ಬಾಗಿಲು ತೆರೆಯಲಿಲ್ಲ. ಅವನು ಮತ್ತೆ ಸುಪ್ರೀಂ ಕೋರ್ಟಿಗೇ ಹೋಗಬೇಕಾಯಿತು. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು 1,000 ರೂಪಾಯಿಯ ಸ್ವಂತ ಬಾಂಡಿನ ಮೇಲೆ, ಅಂದರೆ ಅವನೇ ಬರೆದುಕೊಡುವ ಮುಚ್ಚಳಿಕೆಯ ಮೇಲೆ, ಅವನನ್ನು ಬಿಡಿ ಎಂದರು.

ಇಷ್ಟು ಹೇಳಿ ಸುಮ್ನೆ ನಿಂತುಬಿಡಿ. "ಇಲ್ಲಿ ಕೆಟ್ಟವರು ಯಾರು?" ಎಂದು ಕೇಳಿ. ಮೊದಲು ಮ್ಯಾಜಿಸ್ಟ್ರೇಟರನ್ನು ಬೈಯುತ್ತಾರೆ. ಸ್ವಲ್ಪ ಹೊತ್ತಿಗೆ ಯಾರೋ ಒಬ್ಬರು, "ಅವರಿಗೆ ಇವನ ಮೇಲೆ ದ್ವೇಷವೇನೂ ಇರಲಿಲ್ಲವಲ್ಲ" ಎನ್ನುತ್ತಾರೆ. ನಿಮ್ಮ ಕೋರ್ಸು ಶುರುವಾಗುವುದು ಆ ಮಾತಿನಿಂದ. ಬಡವನನ್ನು ಒಳಗಿಡಿ ಎಂದು ಯಾವ ಕಾನೂನೂ ಹೇಳಿಲ್ಲ. ಆಸ್ತಿ ಇದ್ದವನನ್ನು ಕರೆದುಕೊಂಡು ಬಾ ಎಂದಷ್ಟೇ ಕೇಳುತ್ತದೆ. ತೀರ್ಪಿನ ದಿನ ಏನಾಯಿತು ಎಂದು ಎಲ್ಲರೂ ನೋಡುತ್ತಾರೆ. ಅದಕ್ಕಿಂತ ಎಷ್ಟೋ ಮೊದಲೇ ಅರ್ಧ ಶಿಕ್ಷೆ ಆಗಿಹೋಗಿರುತ್ತದೆ. ಒಳಗಿದ್ದವನ ಕೆಲಸ ಹೋಗಿರುತ್ತದೆ, ಸಾಕ್ಷಿಗಳನ್ನು ಹುಡುಕುವವರು ಇರುವುದಿಲ್ಲ, ವಕೀಲರ ಜೊತೆ ಕೂತು ಮಾತಾಡಲು ಹತ್ತು ನಿಮಿಷ ಸಿಗುವುದೂ ಕಷ್ಟ.

ಅಂಕಿ ಅಂಶ ಹೇಳುವುದಾದರೆ ಈಗ ಹೇಳಿ. 2022ರ ಕೊನೆಗೆ ಭಾರತದ ಜೈಲುಗಳಲ್ಲಿ ಇದ್ದವರಲ್ಲಿ ನೂರಕ್ಕೆ 75ಕ್ಕೂ ಹೆಚ್ಚು ಮಂದಿ ವಿಚಾರಣಾಧೀನರು. ಅಂದರೆ ತೀರ್ಪು ಇನ್ನೂ ಬರದವರು. ಕೇಸು ಕೇಳುವ ಮೊದಲು ಈ ಸಂಖ್ಯೆ ಹೇಳಿದರೆ ಹುಡುಗರು ಬರೆದುಕೊಳ್ಳುತ್ತಾರೆ ಅಷ್ಟೇ. ಕೇಸಾದ ಮೇಲೆ ಹೇಳಿದರೆ ಪೆನ್ನು ನಿಲ್ಲುತ್ತದೆ.

ಇನ್ನು ನಾನು ಮಾಡಿದ ಒಂದು ತಪ್ಪು. ನೀವು ಮಾಡಬೇಡಿ. ಒಮ್ಮೆ ಉತ್ಸಾಹದಲ್ಲಿ, "ಈಗ ನಿಮ್ಮನ್ನು ಹಿಡಿದಿದ್ದಾರೆ ಅಂದುಕೊಳ್ಳಿ. ಸಂಜೆಯೊಳಗೆ ಆಸ್ತಿ ಪತ್ರ ತಂದು ಶ್ಯೂರಿಟಿಗೆ ನಿಲ್ಲುವ ಒಬ್ಬರ ಹೆಸರು ಬರೆಯಿರಿ" ಎಂದೆ. ಹೆಚ್ಚಿನವರು ಅಪ್ಪನ ಹೆಸರು, ಮಾವನ ಹೆಸರು ಬರೆದು ಎರಡು ನಿಮಿಷದಲ್ಲಿ ಮುಗಿಸಿದರು. ಒಬ್ಬ ಹುಡುಗ ಖಾಲಿ ಹಾಳೆ ಮಡಚಿ ಜೇಬಿಗಿಟ್ಟುಕೊಂಡು ಎದ್ದು ಹೋದ. ಒಂದು ವಾರ ಬರಲಿಲ್ಲ. ಅಸಮಾನತೆ ಕಲಿಸಲು ಹೋಗಿ ಅದನ್ನೇ ಎಲ್ಲರ ಎದುರು ಅವನ ಮುಖಕ್ಕೆ ಹಿಡಿದಿದ್ದೆ. ಆಮೇಲಿಂದ ನಾನೇ ಪಾತ್ರಗಳನ್ನು ಚೀಟಿಯಲ್ಲಿ ಬರೆದು ಹಂಚುತ್ತಿದ್ದೆ. ಒಬ್ಬ ದಿನಗೂಲಿಯವನು, ಬಾಡಿಗೆ ಕೋಣೆಯಲ್ಲಿರುವವನು. ಒಬ್ಬ ಬ್ಯಾಂಕ್ ನೌಕರ. ಒಬ್ಬ ಹೆಂಗಸು, ಮನೆ ಗಂಡನ ಹೆಸರಿನಲ್ಲಿದೆ, ದೂರು ಕೊಟ್ಟವನೂ ಗಂಡನೇ. ಈ ಮೂರನೇ ಚೀಟಿ ಬಂದವರು ತಲೆ ಕೆರೆದುಕೊಳ್ಳುವುದನ್ನು ನೋಡಬೇಕು ನೀವು.

ಹಾಗಾದರೆ ದಾರಿ ಏನು ಎಂದು ಕೇಳುತ್ತಾರೆ. ಆಗ 1961ರ ನ್ಯೂಯಾರ್ಕಿನ ಮ್ಯಾನ್‌ಹಾಟನ್ ಜಾಮೀನು ಯೋಜನೆಯನ್ನು ಹೇಳಿ. ವೆರಾ ಎಂಬ ಸಂಸ್ಥೆ ಶುರು ಮಾಡಿದ್ದು. ಆರೋಪಿಗಳನ್ನು ಮಾತಾಡಿಸಲು ಹೋದವರು ಕಾನೂನು ವಿದ್ಯಾರ್ಥಿಗಳು. ನೀವು ಎಷ್ಟು ದಿನದಿಂದ ಈ ವಿಳಾಸದಲ್ಲಿದ್ದೀರಿ, ಕೆಲಸ ಇದೆಯಾ, ಜೊತೆಗೆ ಯಾರಿದ್ದಾರೆ ಎಂದು ಕೇಳಿ, ಅದನ್ನು ಖಚಿತ ಮಾಡಿಕೊಂಡು, ನಂಬಬಹುದಾದವರನ್ನು ಹಣ ಇಲ್ಲದೆ ಬಿಡಿ ಎಂದು ಜಡ್ಜ್‌ಗೆ ಶಿಫಾರಸು ಮಾಡಿದರು. ಹಾಗೆ ಬಿಟ್ಟವರಲ್ಲಿ ಕೋರ್ಟಿಗೆ ಬಾರದೆ ತಪ್ಪಿಸಿಕೊಂಡವರು ನೂರಕ್ಕೆ ಇಬ್ಬರೂ ಇಲ್ಲ. 1966ರಲ್ಲಿ ಅಮೆರಿಕದಲ್ಲಿ ಜಾಮೀನು ಸುಧಾರಣೆ ಕಾಯ್ದೆ ಬಂದದ್ದಕ್ಕೆ ಇದೂ ಒಂದು ಕಾರಣ. ನಿಮ್ಮ ಹುಡುಗರ ವಯಸ್ಸಿನವರೇ ಮಾಡಿದ ಕೆಲಸ ಅದು. ಅದನ್ನು ಹೇಳಲು ಮರೆಯಬೇಡಿ.

ಪೊಲೀಸರ ಮಗಳನ್ನು ಎದುರು ಹಾಕಿಕೊಳ್ಳಬೇಡಿ. ಅವಳ ಮಾತಿನಲ್ಲೂ ಹುರುಳಿದೆ. ರಾತ್ರಿ ಎರಡು ಗಂಟೆಗೆ ಠಾಣೆಯಲ್ಲಿ ಕೂತಿರುವ ಕಾನ್‌ಸ್ಟೇಬಲ್ ಕೂಡ ಏಣಿಯ ಕೆಳಗಿನ ಮೆಟ್ಟಿಲಲ್ಲೇ ಇರುವವನು. ಮೇಲಿನವರು ಬರೆದ ನಿಯಮವನ್ನು ಜನರ ಮುಂದೆ ಜಾರಿ ಮಾಡುವವನು ಅವನು, ಬೈಸಿಕೊಳ್ಳುವವನೂ ಅವನೇ. ಅವಳಿಗೆ ಇಷ್ಟವಿದ್ದರೆ ಆ ಬಗ್ಗೆ ಬರೆಯಲಿ. ಆದರೆ ಇಲಾಖೆಯ ವಕ್ತಾರಳನ್ನಾಗಿ ಅವಳನ್ನು ನಿಲ್ಲಿಸಬೇಡಿ.

ಪ್ರಶ್ನೆ: ಕದ್ದವನು ಕದ್ದವನೇ, ಅಲ್ವಾ ಮೇಡಂ? ಬಡವ, ಶ್ರೀಮಂತ ಎಂದು ಲೆಕ್ಕ ಹಾಕುತ್ತಾ ಕೂತರೆ ಅಪರಾಧಿಗಳಿಗೆ ನೆಪ ಹುಡುಕಿಕೊಟ್ಟಂತೆ ಆಗುವುದಿಲ್ಲವೇ? (ಪದವಿ ವಿದ್ಯಾರ್ಥಿ)

ಉತ್ತರ: ಕದ್ದವನು ಕದ್ದವನೇ, ಒಪ್ಪಿದೆ. ಆದರೆ ಒಂದೇ ತಪ್ಪಿಗೆ ಒಂದೇ ತೂಕದ ಕಲ್ಲು ಇಡುತ್ತಿದ್ದೇವಾ?

1986ರಲ್ಲಿ ಅಮೆರಿಕ ಒಂದು ಕಾನೂನು ಮಾಡಿತು. ಪುಡಿ ಕೊಕೇನ್ 500 ಗ್ರಾಂ ಮಾರಿ ಸಿಕ್ಕಿಬಿದ್ದರೆ ಕನಿಷ್ಠ ಐದು ವರ್ಷ ಜೈಲು. ಅದೇ ಕೊಕೇನನ್ನು ಕ್ರ್ಯಾಕ್ ಎಂಬ ಹರಳಿನ ರೂಪಕ್ಕೆ ತಂದದ್ದಾದರೆ 5 ಗ್ರಾಂಗೇ ಐದು ವರ್ಷ. ನೂರಕ್ಕೆ ಒಂದು! ಕಾನೂನಿನಲ್ಲಿ ಬಣ್ಣದ ಮಾತೇ ಇರಲಿಲ್ಲ. ಆದರೆ ಕ್ರ್ಯಾಕ್ ಕೇಸುಗಳಲ್ಲಿ ಶಿಕ್ಷೆಯಾದವರಲ್ಲಿ ಕಪ್ಪು ಜನರೇ ಬಹುಪಾಲು. 2010ರಲ್ಲಿ ಅದನ್ನು ಹದಿನೆಂಟಕ್ಕೆ ಒಂದು ಮಾಡಿದರು. ಪೂರ್ತಿ ಸಮ ಅಲ್ಲ, ಗಮನಿಸಿ.

ಇನ್ನು ದಂಡ. ಒಂದೇ ಮೊತ್ತದ ದಂಡ ಒಬ್ಬನಿಗೆ ಒಂದು ತಿಂಗಳ ಸಂಬಳ, ಇನ್ನೊಬ್ಬನಿಗೆ ಲೆಕ್ಕಕ್ಕೇ ಇಲ್ಲ. ಫಿನ್ಲೆಂಡಿನವರು 1921ರಲ್ಲೇ ಇದಕ್ಕೊಂದು ಉಪಾಯ ಹುಡುಕಿದರು. ತಪ್ಪು ಎಷ್ಟು ದೊಡ್ಡದೋ ಅಷ್ಟು 'ದಿನ'ಗಳ ದಂಡ. ಒಂದು ದಿನಕ್ಕೆ ಎಷ್ಟು ಎಂಬುದು ಅವನವನ ಆದಾಯದ ಮೇಲೆ. 2002ರಲ್ಲಿ ನೋಕಿಯಾದ ದೊಡ್ಡ ಅಧಿಕಾರಿಯೊಬ್ಬರು 50 ಕಿಲೋಮೀಟರ್ ಮಿತಿ ಇದ್ದ ಕಡೆ 75ರ ವೇಗದಲ್ಲಿ ಬೈಕ್ ಓಡಿಸಿ 1,16,000 ಯೂರೋ ದಂಡ ಹಾಕಿಸಿಕೊಂಡರು. (ಆದಾಯ ಇಳಿದಿದೆ ಎಂದು ಆಮೇಲೆ ಅದನ್ನು ಕಡಿಮೆ ಮಾಡಿಸಿಕೊಂಡರು, ಅದು ಬೇರೆ ಮಾತು!) ಅಲ್ಲಿ ಯಾರೂ ಯಾರಿಗೂ ನೆಪ ಕೊಡಲಿಲ್ಲ. ಶ್ರೀಮಂತನಿಗೂ ನೋವಾಗಲಿ ಎಂದರು, ಅಷ್ಟೇ.

ಇನ್ನೊಂದು ಮಾತು. ಕಳ್ಳತನ, ಹೊಡೆತ ಜಾಸ್ತಿ ತಟ್ಟುವುದೂ ಬಡವರಿಗೇ. ದೂರು ಕೊಡಲು ಹೋದರೆ ನಾಳೆ ಬಾ ಎನ್ನಿಸಿಕೊಳ್ಳುವವರೂ ಅವರೇ. ಅಸಮಾನತೆಯ ಪಾಠ ಆರೋಪಿಯ ಪರ ಎಂದುಕೊಂಡರೆ ಅರ್ಧ ಪುಸ್ತಕ ಮಾತ್ರ ಓದಿದಂತೆ.

ಪ್ರಶ್ನೆ: ವಿದ್ಯಾರ್ಥಿಗಳನ್ನು ಜೈಲಿಗೆ ಕರೆದುಕೊಂಡು ಹೋಗಬಹುದೇ? (ಇನ್ನೊಬ್ಬ ಉಪನ್ಯಾಸಕರು)

ಉತ್ತರ: ಪ್ರಾಣಿಸಂಗ್ರಹಾಲಯ ನೋಡುವ ಹಾಗೆ ಸಾಲಾಗಿ ಒಳಗೆ ಹೋಗಿ ಹೊರಗೆ ಬರುವುದಾದರೆ ಬೇಡ. ಅಮೆರಿಕದ ಟೆಂಪಲ್ ವಿಶ್ವವಿದ್ಯಾಲಯದಲ್ಲಿ 1997ರಲ್ಲಿ ಒಂದು ಕ್ರಮ ಶುರುವಾಯಿತು. ಹೊರಗಿನ ವಿದ್ಯಾರ್ಥಿಗಳು, ಒಳಗಿನ ಕೈದಿಗಳು ಒಂದೇ ತರಗತಿಯಲ್ಲಿ ಸಹಪಾಠಿಗಳಾಗಿ ಕೂತು ಇಡೀ ಸೆಮಿಸ್ಟರ್ ಒಟ್ಟಿಗೆ ಓದುತ್ತಾರೆ. ಅಷ್ಟು ಆಗದಿದ್ದರೆ ಒಂದು ದಿನ ಕೋರ್ಟಿನ ಹಾಲ್‌ನಲ್ಲಿ ಹಿಂದೆ ಕೂರಿಸಿ. ಒಂದೊಂದು ಕೇಸಿಗೆ ಎಷ್ಟು ನಿಮಿಷ ಸಿಕ್ಕಿತು, ಯಾರ ಪರ ವಕೀಲರು ಬಂದಿದ್ದರು, ಯಾರಿಗೆ ಬರೀ ಮುಂದಿನ ತಾರೀಖು ಸಿಕ್ಕಿತು ಎಂದು ಬರೆದುಕೊಳ್ಳಲಿ. ಫೋನು ಆಫ್ ಮಾಡಿಸಿ. ನನ್ನ ಹುಡುಗರು ವಾಪಸ್ ಬರುವಾಗ ಮೂರು ಗಂಟೆ ಫೋನಿಲ್ಲದೆ ಕೂತದ್ದರ ಬಗ್ಗೆಯೇ ಜಾಸ್ತಿ ಗೊಣಗಿದರು. ಒಬ್ಬಳು ಮಾತ್ರ ಗೊಣಗಲಿಲ್ಲ. ಅವಳ ನೋಟ್‌ಬುಕ್ಕಿನಲ್ಲಿ ಒಂದೇ ಹೆಸರಿನ ಎದುರು 'ಮುಂದಿನ ತಾರೀಖು' ಎಂದಿತ್ತು, ಪಕ್ಕದಲ್ಲಿ ನಿಮಿಷದ ಜಾಗದಲ್ಲಿ ಅರ್ಧ ಎಂದು ಬರೆದಿದ್ದಳು.